ಚೌಕದ ಖಾಲಿ ಮನೆ

ಗುಂಜಿಯ ಮಳೆಯನ್ನು ಕಾಣದವರಿಗೆ ಅದನ್ನು ವರ್ಣಿಸಿ ಪ್ರಯೋಜನವಿಲ್ಲ. ಕಂಡವರಿಗೆ ವರ್ಣಿಸುವ ಅಗತ್ಯವಿಲ್ಲ. ಲೋಂಡಾದಿಂದ ಬೆಳಗಾವಿಯ ಕಡೆಗೆ ಹೊರಟ ಗಾಡಿ ಖಾನಾಪುರವನ್ನು ಮುಟ್ಟುವ ಮೊದಲು ಒಂದು ಸಣ್ಣ ನಿಲ್ದಾಣವನ್ನು ಹಾಯುತ್ತದೆ, ಅದೇ ನಮ್ಮೂರು. ಒಂದು ಕಡೆ ಭತ್ತದ ಗದ್ದೆ, ಇನ್ನೊಂದು ಕಡೆ ಕಾಡು, ಊರಿಗೆ ಹೆಸರು ತಂದ ಮಾವುಲಿ ದೇವಿಯ ಗುಡಿ. ವಾರವಿಡೀ ಬೆಳಗಾವಿಯ ಕಾಲೇಜಿನಲ್ಲಿ ಹಳಗನ್ನಡವನ್ನೂ ಛಂದಸ್ಸನ್ನೂ ಪಾಠ ಹೇಳಿ, ಶನಿವಾರ ಮಧ್ಯಾಹ್ನ ಊರಿಗೆ ಬಂದು, ಪಡಸಾಲೆಯಲ್ಲಿ ಕುಳಿತು ಸೂರಿನ ನೀರನ್ನು ನೋಡುವುದು ನನ್ನ ಬಹುಕಾಲದ ರೂಢಿ. ಕಳೆದ ಆಷಾಢದಲ್ಲಿ ಆ ರೂಢಿಗೆ ಭಂಗ ಬಂದಿತು.

ಕೊಡೆ ಮಡಚಿ ಒಳಗೆ ಬಂದವಳು ನನ್ನ ಹಳೆಯ ವಿದ್ಯಾರ್ಥಿನಿ. ಬಿ.ಎಸ್ಸಿ.ಯಲ್ಲಿ ಭಾಷಾವಿಷಯವೆಂದು ಕನ್ನಡವನ್ನು ನನ್ನಲ್ಲಿ ಓದಿದವಳು. ಈಗ ಜೀವವಿಜ್ಞಾನವನ್ನೂ ಗಣಕಯಂತ್ರವನ್ನೂ ಕೂಡಿಸಿದ ಹೊಸ ಶಾಸ್ತ್ರವೊಂದರಲ್ಲಿ ಎಂ.ಎಸ್ಸಿ. ಮುಗಿಸುತ್ತಿದ್ದಳು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ಕಾಗದವನ್ನು ಬಿಚ್ಚಿ ನನ್ನ ಮುಂದೆ ಹರಡಿದಳು. ಅದರ ಮೇಲೆ ಚೌಕಗಳು. ಚೌಕಗಳ ತುಂಬ ಸಾಸಿವೆ ಚೆಲ್ಲಿದಂತೆ ಚುಕ್ಕೆಗಳು.

“ಏನವ್ವಾ ಇದು, ರಂಗೋಲಿಯೆ?” ಎಂದೆ.

“ಅಲ್ರಿ ಸರ್. ಒಂದು ಡಿ.ಎನ್.ಎ., ಒಂದು ವೈರಸ್ಸಿಂದು. ನಮ್ಮ ಬಾಬಾಗ ತಿಳಿಯೂ ಹಂಗ ಇದನ್ನ ಹೇಳಬೇಕಾಗೇತ್ರಿ. ನಾ ಹೇಳಾಕ ಹೋದ್ರ ಬರೇ ಇಂಗ್ಲೀಷ ಬರತೈತಿ.”

ಅವರ ಮನೆಯ ಮಾತು ಮರಾಠಿ. ಸಂತೆಯ ಮಾತು, ಶಾಲೆಯ ಮಾತು ಕನ್ನಡ. ನಮ್ಮ ಭಾಗದಲ್ಲಿ ಇದು ಯಾರಿಗೂ ವಿಶೇಷವಲ್ಲ. ಆದರೆ ತಂದೆಗೇಕೆ ಈ ಚಿತ್ರ ತಿಳಿಯಬೇಕು? ಕಾರಣವನ್ನು ನಾನು ಕೇಳಬೇಕಾಗಿರಲಿಲ್ಲ; ಓಣಿಗೆಲ್ಲ ಗೊತ್ತಿದ್ದುದೇ. ಆತ ಗೋಡಂಬಿ ಸುಗ್ಗಿಗೆ ಗೋವೆಗೆ ಕೂಲಿಗೆ ಹೋಗುತ್ತಿದ್ದವರು. 2016ರಲ್ಲಿ ಗೋವೆಯ ಸತ್ತರಿ ಸೀಮೆಯ ಗೋಡಂಬಿ ತೋಟಗಳಲ್ಲಿ ದುಡಿದು ಬಂದ ಬೆಳಗಾವಿ ಜಿಲ್ಲೆಯ ಕೂಲಿಗಾರರಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಿತಷ್ಟೆ. ಜ್ವರ ಹಿಡಿದು ಮಲಗಿದವರಲ್ಲಿ ಈತನೂ ಒಬ್ಬರು. ಬದುಕಿ ಎದ್ದರು. ಆದರೆ ಮೊದಲಿನ ಕಸುವು ಮರಳಲಿಲ್ಲ. ಆಗ ಎಂಟನೆಯ ತರಗತಿಯಲ್ಲಿದ್ದ ಹುಡುಗಿ, ತಾನು ಓದಿ ಈ ಬೇನೆಯ ಮೂಲವನ್ನು ಹುಡುಕುತ್ತೇನೆಂದು ತಂದೆಗೆ ಮಾತು ಕೊಟ್ಟಿದ್ದಳಂತೆ. ಮಕ್ಕಳು ಕೊಟ್ಟ ಮಾತನ್ನು ಮಕ್ಕಳು ಮರೆತರೂ ತಂದೆಗಳು ಮರೆಯುವುದಿಲ್ಲ.

ಕಾಯಿಲೆಯ ಚರಿತ್ರೆ ವಾಚಕರಲ್ಲಿ ಅನೇಕರಿಗೆ ತಿಳಿದಿದ್ದೀತು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಹಿಂದೆಯೇ ಮನುಷ್ಯರೂ ಜ್ವರದಿಂದ ಬಿದ್ದರು. ಪುಣೆಯ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು ಕಾಡಿಗೆ ಬಂದು, ಉಣುಗಿನ ಮೂಲಕ ಹರಡುವ ಹೊಸದೊಂದು ವೈರಸ್ಸನ್ನು ಕಂಡುಹಿಡಿದು, ಅದಕ್ಕೆ ಆ ಕಾಡಿನ ಹೆಸರನ್ನೇ ಇಟ್ಟರು. ಬಹುಕಾಲ ಮಲೆನಾಡಿನ ಪಾಡಾಗಿದ್ದ ಈ ಜ್ವರ ಈ ಶತಮಾನದ ಎರಡನೆಯ ದಶಕದಲ್ಲಿ ಕೇರಳ, ತಮಿಳುನಾಡು, ಗೋವೆ, ಮಹಾರಾಷ್ಟ್ರಗಳಲ್ಲಿಯೂ ತಲೆಯೆತ್ತಿತು.

ಈ ವೈರಸ್ಸಿನ ಒಡಲೊಳಗೆ ಒಂದು ಬರಹವಿದೆ. ಸುಮಾರು 10,800 ಅಕ್ಷರಗಳ ಬರಹ, ಅಕ್ಷರಮಾಲೆ ನಾಲ್ಕೇ. ಅದು ಆರ್.ಎನ್.ಎ. ಎಂಬ ದ್ರವ್ಯದಲ್ಲಿದ್ದರೂ ಪ್ರಯೋಗಶಾಲೆಯಲ್ಲಿ ಡಿ.ಎನ್.ಎ.ಗೆ ನಕಲು ಮಾಡಿಕೊಂಡು ಎ, ಸಿ, ಜಿ, ಟಿ ಎಂಬ ಹೆಸರಿನಿಂದ ಓದುತ್ತಾರೆ. ಪದಚ್ಛೇದವಿಲ್ಲದೆ, ವಿರಾಮಚಿಹ್ನೆಯಿಲ್ಲದೆ ಹರಿಯುವ ಆ ಅಕ್ಷರಗಳ ಹಾಳೆಯನ್ನು ಆಕೆ ತೋರಿಸಿದಾಗ ನನಗೆ ಹಳೆಯ ಓಲೆಗರಿಯ ನೆನಪಾಯಿತು. ಓಲೆಯನ್ನಾದರೂ ಓದಬಹುದು, ಏಕೆಂದರೆ ಭಾಷೆ ಗೊತ್ತು. ಇಲ್ಲಿ ಕಣ್ಣು ನಾಲ್ಕು ಸಾಲಿಗೆ ಸೋಲುತ್ತದೆ. ಆದ್ದರಿಂದಲೇ ಚಿತ್ರದ ಮೊರೆ.

ಚಿತ್ರ ಬಿಡಿಸುವ ವಿಧಾನ ಮಕ್ಕಳಾಟದಷ್ಟು ಸುಲಭ. ಒಂದು ಚೌಕವನ್ನು ಬರೆದು ಕೆಳಗಿನ ಎಡಮೂಲೆಗೆ ಎ, ಮೇಲಿನ ಎಡಮೂಲೆಗೆ ಸಿ, ಮೇಲಿನ ಬಲಮೂಲೆಗೆ ಜಿ, ಕೆಳಗಿನ ಬಲಮೂಲೆಗೆ ಟಿ ಎಂದು ಹೆಸರಿಡಿ. ಚೌಕದ ನಟ್ಟನಡುವೆ ನಿಲ್ಲಿ. ಬರಹದ ಮೊದಲ ಅಕ್ಷರ ಯಾವುದೋ ಆ ಮೂಲೆಯ ಕಡೆಗೆ ಅರ್ಧ ದಾರಿ ನಡೆದು ಚುಕ್ಕೆಯಿಡಿ. ಅಲ್ಲಿಂದ ಎರಡನೆಯ ಅಕ್ಷರದ ಮೂಲೆಯ ಕಡೆಗೆ ಅರ್ಧ ದಾರಿ, ಮತ್ತೆ ಚುಕ್ಕೆ. ಹೀಗೆ ಬರಹ ಮುಗಿಯುವ ತನಕ. ಬಾರ್ನ್‌ಸ್ಲಿ ಎಂಬ ಗಣಿತಜ್ಞ ಪ್ರಸಿದ್ಧಿಗೆ ತಂದ ಈ ಆಟಕ್ಕೆ ‘ಅವ್ಯವಸ್ಥೆಯ ಆಟ’ವೆಂದು ಹೆಸರು, 1990ರಲ್ಲಿ ಜೆಫ್ರಿ ಎಂಬ ಅಮೆರಿಕದ ವಿದ್ವಾಂಸ ಇದಕ್ಕೆ ಡಿ.ಎನ್.ಎ. ಅಕ್ಷರಗಳನ್ನು ಉಣಿಸಿದ. ಅಕ್ಷರಗಳು ಪಗಡೆಯ ದಾಳದಂತೆ ಗೊತ್ತುಗುರಿಯಿಲ್ಲದೆ ಬಂದರೆ ಚೌಕವೆಲ್ಲ ಸಮನಾಗಿ ತುಂಬುತ್ತದೆ. ಹಾಗೆ ತುಂಬದೆ ಎಲ್ಲಿಯಾದರೂ ಖಾಲಿ ಉಳಿದರೆ, ಆ ಖಾಲಿಗೆ ಅರ್ಥವುಂಟು.

ಇದರ ಒಳಗುಟ್ಟು ನನಗೆ ಹೊಳೆಯಲು ಎರಡು ಸಂಜೆ ಹಿಡಿದವು. ಚುಕ್ಕೆ ಯಾವ ಕಾಲುಭಾಗದಲ್ಲಿ ಬಿತ್ತು ಎಂಬುದನ್ನು ಕೊನೆಯ ಅಕ್ಷರ ನಿರ್ಧರಿಸುತ್ತದೆ. ಆ ಕಾಲುಭಾಗದೊಳಗಿನ ಕಾಲುಭಾಗವನ್ನು ಅದರ ಹಿಂದಿನ ಅಕ್ಷರ. ಅದರೊಳಗಿನದನ್ನು ಇನ್ನೂ ಹಿಂದಿನ ಅಕ್ಷರ. ಊರು, ಓಣಿ, ಮನೆ, ಕೋಣೆ ಎಂಬಂತೆ ಪ್ರತಿಯೊಂದು ಚುಕ್ಕೆಯೂ ತಾನು ನಡೆದು ಬಂದ ದಾರಿಯನ್ನು ತನ್ನ ವಿಳಾಸದಲ್ಲಿಯೇ ಹೊತ್ತುಕೊಂಡಿದೆ. ಬರಹವೊಂದು ಯಾವುದಾದರೂ ಜೋಡಕ್ಷರವನ್ನು ದೂರವಿಟ್ಟರೆ ಆ ಜೋಡಿಯ ಮನೆ ಖಾಲಿಯಾಗುತ್ತದೆ. ಖಾಲಿಮನೆಯ ಚಿಕ್ಕ ಪ್ರತಿ ನಾಲ್ಕು ಕಾಲುಭಾಗಗಳಲ್ಲಿಯೂ, ಇನ್ನೂ ಚಿಕ್ಕ ಪ್ರತಿಗಳು ಅವುಗಳೊಳಗೂ ಮೂಡುತ್ತವೆ. ಇಡಿಯ ಆಕಾರವೇ ಬಿಡಿಯಲ್ಲಿಯೂ ಮರುಕಳಿಸುವ ಇಂಥ ರೂಪವನ್ನೇ ಗಣಿತಜ್ಞರು ಫ್ರ್ಯಾಕ್ಟಲ್ ಎನ್ನುವುದು.

ಜೆಫ್ರಿಯು ಮನುಷ್ಯರ ಹನ್ನೊಂದನೆಯ ವರ್ಣತಂತುವಿನಲ್ಲಿ ರಕ್ತದ ಗ್ಲೋಬಿನ್ ಪ್ರೋಟೀನಿಗೆ ಸಂಬಂಧಿಸಿದ ಸುಮಾರು 73,000 ಅಕ್ಷರಗಳನ್ನು ಹೀಗೆ ಬಿಡಿಸಿದಾಗ ಜಿ ಕಾಲುಭಾಗದ ಸಿ ಮೂಲೆ ಬೋಳಾಗಿ ಕಂಡಿತು. ಎಂದರೆ ಸಿ ಆದಮೇಲೆ ಜಿ ಬರುವುದು ಬಲು ಅಪರೂಪ, ನಮ್ಮ ಡಿ.ಎನ್.ಎ.ಯಲ್ಲಿ ಆ ಜೋಡಿ ಇರಬೇಕಾದ ಪ್ರಮಾಣದ ನಾಲ್ಕೈದರಲ್ಲೊಂದು ಪಾಲು ಮಾತ್ರ ಇದೆ. ಕಾರಣ ಬಲ್ಲದ್ದೇ. ಜಿ ಎದುರಿಗಿರುವ ಸಿ ಅಕ್ಷರಕ್ಕೆ ದೇಹವು ಮೀಥೈಲ್ ಎಂಬ ಸಣ್ಣ ಕೊಂಡಿಯನ್ನು ಅಂಟಿಸುತ್ತದೆ. ಅಂಥ ಸಿ ಕಾಲಕ್ರಮದಲ್ಲಿ ಟಿ ಆಗಿ ಸವೆಯುವುದು ಹೆಚ್ಚು. ಹಳಗನ್ನಡದ ಪಾಲು ಹಾಲಾಗಿ, ಪೂ ಹೂವಾಗಿ, ಪಕಾರದ ದೇಶ್ಯ ಪದಗಳ ಸಾಲು ಬರಿದಾದುದನ್ನು ಬಲ್ಲ ಕನ್ನಡ ವಿದ್ಯಾರ್ಥಿಗೆ ಇದು ಹೊಸತಲ್ಲ. ನಮ್ಮಂಥ ಬೆನ್ನೆಲುಬುಳ್ಳ ಪ್ರಾಣಿಗಳಲ್ಲಿ ಬಾಳುವ ಅನೇಕ ಆರ್.ಎನ್.ಎ. ವೈರಸ್ಸುಗಳೂ ಈ ಜೋಡಿಯನ್ನು ದೂರವಿಡುತ್ತವೆ. ಅದರ ಕಾರಣ ಮಾತ್ರ ಬೇರೆ. ಸಿ-ಜಿ ಜೋಡಿ ದಟ್ಟವಾಗಿರುವ ಪರಕೀಯ ಆರ್.ಎನ್.ಎ.ಯನ್ನು ಗುರುತು ಹಿಡಿಯುವ ಕಾವಲು ಪ್ರೋಟೀನೊಂದು ನಮ್ಮ ಜೀವಕೋಶಗಳಲ್ಲಿದೆಯೆಂದು 2017ರಲ್ಲಿ ತೋರಿಸಿದರು.

ಇಲ್ಲಿ ನನ್ನ ಕಸುಬಿನ ಚಾಪಲ್ಯವೊಂದನ್ನು ಒಪ್ಪಿಕೊಳ್ಳಬೇಕು. ಕಂದಪದ್ಯದಲ್ಲಿ ನಾಲ್ಕು ಮಾತ್ರೆಯ ಗಣಗಳು ಐದೇ ಬಗೆ. ಒಂದು ಪಂಚಕೋನವನ್ನು ಬರೆದು ಮೂಲೆಗೊಂದು ಗಣವನ್ನಿಟ್ಟು, ಪಂಪಭಾರತದ ಇಪ್ಪತ್ತು ಕಂದಗಳನ್ನು ಗ್ರಾಫ್ ಕಾಗದದ ಮೇಲೆ ನಡೆಸಿದೆ. (ಮೂಲೆಗಳು ಐದಾದಾಗ ಅರ್ಧ ದಾರಿ ನಡೆದರೆ ಮನೆಗಳು ಒಂದರ ಮೇಲೊಂದು ಬೀಳುತ್ತವೆ, ಮೂರರಲ್ಲಿ ಎರಡು ಪಾಲು ನಡೆಯಬೇಕು.) ವಿಷಮಸ್ಥಾನದಲ್ಲಿ ಜಗಣ ಬರಬಾರದೆಂಬುದು ಕಂದದ ನಿಯಮವಷ್ಟೆ. ಒಂದರ ಪಕ್ಕ ಒಂದು ನಿಂತ ಎರಡು ಗಣಗಳಲ್ಲಿ ಒಂದು ವಿಷಮವಾಗಿಯೇ ತೀರುವುದರಿಂದ ಎರಡು ಜಗಣಗಳು ಜೊತೆಯಾಗಿ ಬರುವಂತಿಲ್ಲ. ಜ-ಜ ಮನೆ ಖಾಲಿ! ಕವಿ ಪಂಪನಾಗಲಿ ಜನ್ನನಾಗಲಿ, ಆ ಮನೆಗೆ ಕಾಲಿಡಲಾರ. ಪಂಪಭಾರತವನ್ನು ಸಂಪಾದಿಸಿದ ಬೆಳ್ಳಾವೆ ವೆಂಕಟನಾರಣಪ್ಪನವರು ಭೌತಶಾಸ್ತ್ರದ ಅಧ್ಯಾಪಕರಾಗಿದ್ದರು, 1918ರಷ್ಟು ಹಿಂದೆಯೇ ಕನ್ನಡದಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿದವರಲ್ಲಿ ಒಬ್ಬರು ಎಂಬುದು ನೆನಪಾಗಿ, ನನ್ನ ಚಾಪಲ್ಯಕ್ಕೆ ಒಂದಿಷ್ಟು ಕುಲದ ಆಧಾರ ಸಿಕ್ಕಂತಾಯಿತು.

ಆದರೆ ಕಂದದ ಇನ್ನೊಂದು ನಿಯಮ ಚಿತ್ರದಲ್ಲಿ ಕಾಣಲಿಲ್ಲ. ಪೂರ್ವಾರ್ಧದಲ್ಲಾಗಲಿ ಉತ್ತರಾರ್ಧದಲ್ಲಾಗಲಿ ಆರನೆಯ ಗಣ ಜಗಣ ಇಲ್ಲವೆ ಸರ್ವಲಘುವಾಗಿರಬೇಕು. ಚೌಕಕ್ಕೆ ಯಾರ ಪಕ್ಕ ಯಾರು ಕೂತರೆಂಬುದು ಗೊತ್ತು. ಎಷ್ಟನೆಯ ಆಸನವೆಂಬುದು ಗೊತ್ತಿಲ್ಲ. ಸಿರಿಭೂವಲಯದ 64 ಅಂಕಾಕ್ಷರಗಳಿಗೂ ಡಿ.ಎನ್.ಎ.ಯ 64 ತ್ರ್ಯಕ್ಷರ ಸಂಕೇತಗಳಿಗೂ ಸಂಬಂಧ ಹೂಡಿ ಉಬ್ಬುವವರನ್ನು ಕಂಡಿದ್ದೇನೆ. ನಾಲ್ಕನ್ನು ಮೂರು ಸಲ ಗುಣಿಸಿದರೆ 64 ಆಗುತ್ತದೆ. ಅದಕ್ಕಿಂತ ಹೆಚ್ಚಿನ ರಹಸ್ಯ ಅಲ್ಲಿಲ್ಲ.

ಚಿತ್ರಿಸುವ ದಾರಿ ಇದೊಂದೇ ಅಲ್ಲ. ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ 1994ರಲ್ಲಿ ಅಶೇಷ್ ನಂದಿಯವರು ಮತ್ತೊಂದನ್ನು ಪ್ರಕಟಿಸಿದರು: ಎ ಬಂದರೆ ಎಡಕ್ಕೆ ಒಂದು ಹೆಜ್ಜೆ, ಜಿ ಬಂದರೆ ಬಲಕ್ಕೆ, ಸಿಗೆ ಮೇಲಕ್ಕೆ, ಟಿಗೆ ಕೆಳಕ್ಕೆ. ಬರಹವೊಂದು ಕಾಲ್ದಾರಿಯಾಗಿ ಅಲೆಯುತ್ತ ಹೋಗುತ್ತದೆ. ಇದು ನನಗೆ ಹೆಚ್ಚು ಮನುಷ್ಯಸಹಜವೆನಿಸಿತು. ಆದರೆ ನನ್ನ ವಿದ್ಯಾರ್ಥಿನಿ ಹಿಡಿದದ್ದು ಮೂರನೆಯ ದಾರಿಯನ್ನು.

ಮೂಲೆಗಳನ್ನು ಹೀಗೆಯೇ ಏಕಿಡಬೇಕು? ಅರ್ಧ ದಾರಿಯೇ ಏಕೆ, ತುಸು ತಿರುಗಿ ಕಾಲು ದಾರಿ ಏಕಾಗಬಾರದು? ಈ ನಿಯಮಗಳನ್ನು ಮನುಷ್ಯ ಊಹಿಸುವ ಬದಲು ಅವು ತಾವೇ ವಿಕಾಸಗೊಳ್ಳಲಿ ಎಂದು ಡಾನ್ ಆಶ್‌ಲಾಕ್ ಮತ್ತು ಜಿಮ್ ಗೋಲ್ಡನ್ ಎಂಬ ಅಮೆರಿಕದ ಇಬ್ಬರು ಈ ಶತಮಾನದ ಆರಂಭದಲ್ಲಿ ಯೋಚಿಸಿದರು. ಅಲ್ಗಾರಿದಮ್ ಎಂದರೆ ಗಣಕಯಂತ್ರಕ್ಕೆ ಕೊಡುವ ಕ್ರಮವಿಧಿ. ಇದು ವಿಕಾಸದ ಕ್ರಮವಿಧಿ. ನಮ್ಮ ಗದ್ದೆಯ ರೈತ ಒಳ್ಳೆಯ ತೆನೆಯನ್ನು ಆರಿಸಿ ಮರುವರ್ಷದ ಬೀಜಕ್ಕೆ ಕಟ್ಟಿಡುತ್ತಾನಲ್ಲ, ಅದೇ ತಂತ್ರ. ಮೊದಲು ಕುರುಡಾಗಿ ನೂರಾರು ನಿಯಮಪಟ್ಟಿಗಳನ್ನು ಹುಟ್ಟಿಸುವುದು. ಒಂದೊಂದು ಪಟ್ಟಿಯಲ್ಲಿಯೂ ಕೆಲವು ಚಲನೆಗಳು: ಇಷ್ಟು ಕುಗ್ಗು, ಇಷ್ಟು ತಿರುಗು, ಇಷ್ಟು ಸರಿ ಎಂಬಂಥವು, ಯಾವ ಮೂರಕ್ಷರದ ಸಂಕೇತಕ್ಕೆ ಯಾವ ಚಲನೆಯೆಂಬ ಕೋಷ್ಟಕ. ಎರಡು ಬಗೆಯ ಬರಹಗಳನ್ನು ಒಂದೇ ಪಟ್ಟಿಯ ಮೇಲೆ ನಡೆಸಿ, ಅವುಗಳ ಚುಕ್ಕೆಮೋಡಗಳು ಎಷ್ಟು ಬೇರೆಬೇರೆಯಾಗಿ ಬೀಳುತ್ತವೆ ಎಂಬುದಕ್ಕೆ ಅಂಕ ಕೊಡುವುದು. ಹೆಚ್ಚು ಅಂಕದವು ಉಳಿದು, ಕೂಡಿ, ಮರಿ ಹಾಕುತ್ತವೆ. ಮರಿಗಳಲ್ಲಿ ಅಲ್ಲಲ್ಲಿ ಒಂದು ಬದಲಾವಣೆ ತೂರಿಸುತ್ತಾರೆ. ಕಡಮೆ ಅಂಕದವು ಅಳಿಯುತ್ತವೆ. ಸಾವಿರಾರು ತಲೆಮಾರು ಒಂದು ರಾತ್ರಿಯಲ್ಲಿ ಕಳೆಯುತ್ತವೆ. ಅವರು ಮುಂದೆ ಪಟ್ಟಿಗೆ ನೆನಪನ್ನೂ ಕೊಟ್ಟರು: ಒಂದೇ ಅಕ್ಷರಕ್ಕೆ ಯಂತ್ರ ತಾನಿರುವ ಸ್ಥಿತಿಯನ್ನು ನೋಡಿ ಬೇರೆಬೇರೆ ರೀತಿ ಚಲಿಸುತ್ತದೆ. ಸ್ಥಿತಿಗಳು ಸಾಕಷ್ಟಿದ್ದರೆ ಅಂಥದೊಂದು ಗಣಗಳನ್ನು ಎಣಿಸಿಕೊಂಡು ಕಂದದ ಆರನೆಯ ಗಣವನ್ನೂ ಹಿಡಿದೀತು ಎಂದು ನಾನು ಹಿಗ್ಗಿದೆ. ಆಕೆ ನಗಲಿಲ್ಲ. ಅವಳ ಕಷ್ಟ ಬೇರೆಯಿತ್ತು.

ಆಕೆ ಸಾಕಿದ ನಿಯಮಗಳು ಮಂಗನ ಕಾಯಿಲೆಯ ವೈರಸ್ಸನ್ನೂ ಅದರ ದಾಯಾದಿ ಡೆಂಗಿಯನ್ನೂ ಬೇರ್ಪಡಿಸಬೇಕಾಗಿತ್ತು. ನಲವತ್ತೇ ತಲೆಮಾರಿಗೆ ಎರಡು ಮೋಡಗಳು ಎರಡು ದಿಕ್ಕಿಗೆ ಸರಿದವು. ನೀಲಿ ಎಡಕ್ಕೆ, ಕೆಂಪು ಬಲಕ್ಕೆ. ನೋಡಲು ಬಹಳ ಚೆಲುವು. ಆ ಚಿತ್ರವನ್ನು ಎಲ್ಲರೂ ಮೆಚ್ಚಿದರು. ಅವಳಿಗೊಬ್ಬಳಿಗೆ ಅನುಮಾನ. ಒಂದು ರಾತ್ರಿ ಎರಡೂ ಬರಹಗಳ ಅಕ್ಷರಗಳನ್ನು ಇಸ್ಪೀಟಿನ ಎಲೆಗಳಂತೆ ಕಲಸಿದಳು. ಲೆಕ್ಕ ಅಷ್ಟೇ, ಕ್ರಮ ಮಾತ್ರ ಧೂಳೀಪಟ. ಕಲಸಿದ ಬರಹಗಳನ್ನು ಅದೇ ನಿಯಮದ ಮೇಲೆ ನಡೆಸಿದಳು. ನೀಲಿ ಎಡಕ್ಕೆ, ಕೆಂಪು ಬಲಕ್ಕೆ!

ಯಂತ್ರ ಬರಹವನ್ನು ಓದಿರಲೇ ಇಲ್ಲ. ಡೆಂಗಿಯಲ್ಲಿ ಎ ತುಸು ಹೆಚ್ಚು, ಮಂಗನ ಕಾಯಿಲೆಯದರಲ್ಲಿ ಜಿ ತುಸು ಹೆಚ್ಚು. ಅಷ್ಟನ್ನು ಮೂಸಿ ನೋಡಿ ಅಂಕ ಗಳಿಸಿತ್ತು. ಗೈಡು ಓದಿ ಮೊದಲ ದರ್ಜೆಯಲ್ಲಿ ತೇರ್ಗಡೆಯಾಗುವ ಹುಡುಗರನ್ನು ಇಪ್ಪತ್ತು ವರ್ಷಗಳಿಂದ ನೋಡುತ್ತಿರುವ ನನಗೆ ಯಂತ್ರದ ಮೇಲೆ ಸಿಟ್ಟು ಬರಲಿಲ್ಲ. ಅಂಕ ಕೊಟ್ಟವರು ಕೇಳಿದ್ದು ಅಷ್ಟನ್ನೇ. ಜೆಫ್ರಿಯ ಚೌಕಕ್ಕೂ ಇಂಥ ಆಕ್ಷೇಪ ಬಂದಿತ್ತೆಂದು ಆಕೆ ಹೇಳಿದಳು: ಒಂಟಿ, ಜೋಡಿ, ಮೂರರ ಗುಂಪು ಎಷ್ಟೆಷ್ಟು ಸಲ ಬರುತ್ತವೆಂದು ಎಣಿಸಿದರೆ ಸಾಕು, ಚಿತ್ರದಲ್ಲಿ ಕಾಣುವ ವಿನ್ಯಾಸಗಳಿಗೆ ಸಮಾಧಾನ ದೊರೆಯುತ್ತದೆಂದು 1993ರಲ್ಲಿ ಗೋಲ್ಡ್‌ಮನ್ ತೋರಿಸಿದ್ದರು. ಹಾಗಾದರೆ ಚಿತ್ರ ವ್ಯರ್ಥವೆ? ನನಗೆ ಹಾಗೆನಿಸದು. ಜ-ಜ ಮನೆ ಖಾಲಿಯೆಂಬುದನ್ನು ಸೂತ್ರದಿಂದ ಇಪ್ಪತ್ತು ವರ್ಷ ಹೇಳಿಕೊಟ್ಟವನು ನಾನು. ಅದನ್ನು ಕಂಡದ್ದು ಗ್ರಾಫ್ ಕಾಗದದ ಮೇಲೆಯೇ. ಆದರೆ ಕಂಡದ್ದನ್ನೆಲ್ಲ ತಿಳಿದದ್ದೆಂದು ಭ್ರಮಿಸಬಾರದೆಂಬ ಗೋಲ್ಡ್‌ಮನ್ನರ ಎಚ್ಚರ ನ್ಯಾಯವಾದದ್ದು.

ಆಕೆ ಅಂಕದ ನಿಯಮವನ್ನೇ ಬದಲಿಸಿದಳು. ವೈರಸ್ಸಿನ ಬರಹ ತನ್ನದೇ ಕಲಸಿದ ಪ್ರತಿಯಿಂದ ಎಷ್ಟು ಬೇರೆಯಾಗಿ ಬೀಳುತ್ತದೆಯೋ ಅಷ್ಟಕ್ಕೆ ಮಾತ್ರ ಅಂಕ. ಈಗ ಲೆಕ್ಕದ ಮೋಸ ನಡೆಯದು, ಕ್ರಮವನ್ನು ನೋಡಲೇಬೇಕು. ಆರು ವಾರ ಯಂತ್ರ ದುಡಿದರೂ ಮೋಡಗಳು ಒಂದರಿಂದೊಂದು ಕೂದಲೆಳೆಯಷ್ಟೇ ಸರಿದವು. ಚೆಲುವಾದ ಹಳೆಯ ಚಿತ್ರವನ್ನು ಪ್ರಬಂಧದಿಂದ ತೆಗೆದು ಈ ಮಂಕು ಚಿತ್ರವನ್ನು ಹಾಕಿದ್ದಳು. “ಮಾರ್ಕ್ಸ್ ಕಡಿಮಿ ಬರಬಹುದ್ರಿ ಸರ್. ಆದ್ರ ಬಾಬಾಗ ಸುಳ್ಳ ಹೇಳಾಕ ಬರಂಗಿಲ್ಲಲ್ರಿ” ಎಂದಳು. ಆಗ ಅವಳ ದನಿ ತುಸು ನಡುಗಿತು.

ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋದೆ. ಹೋಗುವಾಗ ಒಂದು ಡಬ್ಬಿ ಗುಲಗಂಜಿಯನ್ನು ಒಯ್ದಿದ್ದೆ. (ಊರ ಹೆಸರಿಗೂ ಈ ಬೀಜಕ್ಕೂ ನಂಟು ಹೇಳಲು ನಾನು ಒಲ್ಲೆ, ಕೇವಲ ಚುಕ್ಕೆಯಿಡಲು ಅನುಕೂಲ.) ನೆಲದ ಮೇಲೆ ರಂಗೋಲಿ ಹಿಟ್ಟಿನಿಂದ ಚೌಕವೆಳೆದು, ರಾತ್ರಿಯೆಲ್ಲ ಹೊಂದಿಸಿಕೊಂಡಿದ್ದ ಶುದ್ಧ ಕನ್ನಡದಲ್ಲಿ ಉಪನ್ಯಾಸವನ್ನು ಆರಂಭಿಸಿದೆ. ಆತ ಗೋಡೆಗೊರಗಿ, ಕಂಬಳಿ ಹೊದ್ದು, ಬಹಳ ಸೌಜನ್ಯದಿಂದ ಕೇಳಿದರು. ಕಾಲು ಗಂಟೆಯಾದ ಮೇಲೆ, “ಸರ್, ನನಗ ಬಂದ ಬ್ಯಾನಿ ಗೋವಾದ್ದೋ ನಮ್ಮ ಅಡವೀದೋ, ಇದರಾಗ ಗೊತ್ತಾಗತೈತೇನ್ರಿ?” ಎಂದರು.

ನಾನು ಮಗಳ ಕಡೆ ನೋಡಿದೆ.

“ಇಲ್ಲ ಬಾಬಾ,” ಎಂದಳು ಆಕೆ ನೇರವಾಗಿ. ಅದನ್ನು ತಿಳಿಯುವ ದಾರಿ ಬೇರೆಯೆಂದೂ, ಊರೂರಿನ, ವರ್ಷವರ್ಷದ ಮಾದರಿಗಳನ್ನು ಅಕ್ಷರಕ್ಕೆ ಅಕ್ಷರ ಎದುರಿಟ್ಟು ಎಲ್ಲಿ ಯಾವಾಗ ಯಾವುದು ತಪ್ಪಿ ಬರೆಯಲ್ಪಟ್ಟಿತೆಂದು ನೋಡಬೇಕೆಂದೂ, ಪುಣೆಯವರು 1957ರಿಂದ 2017ರವರೆಗಿನ ಮಾದರಿಗಳನ್ನಿಟ್ಟುಕೊಂಡು ಅಂಥ ವಂಶವೃಕ್ಷವನ್ನು 2020ರಲ್ಲಿ ಪ್ರಕಟಿಸಿದ್ದಾರೆಂದೂ ಹೇಳಿದಳು. ಓಲೆಪ್ರತಿಗಳ ಪಾಠಾಂತರಗಳನ್ನು ಹಿಡಿದು ಪ್ರತಿಗಳ ಕುಲವನ್ನು ಗೊತ್ತುಮಾಡುವ ನಮ್ಮ ವಿದ್ಯೆಯೂ ಅದೇ ಎಂದು ನಾನು ಬಾಯಿ ಹಾಕಲು ಹೋಗಿ ಸುಮ್ಮನಾದೆ. ಏಕೆಂದರೆ ಆಕೆ ಯಾವಾಗಲೋ ಮರಾಠಿಗೆ ಹೊರಳಿದ್ದಳು. ನಾಲ್ಕು ಮೂಲೆಗೆ ನಾಲ್ಕು ಊರುಗಳ ಹೆಸರಿಟ್ಟು, ತಂದೆಯ ಕೈಯಲ್ಲೇ ಗುಲಗಂಜಿ ಕೊಟ್ಟು, ಖಾನಾಪುರದ ಕಡೆಗೆ ಅರ್ಧ ದಾರಿ, ಲೋಂಡಾದ ಕಡೆಗೆ ಅರ್ಧ ದಾರಿ ಎಂದು ನಡೆಸುತ್ತಿದ್ದಳು. ಇಂಥ ಊರಿಂದ ಇಂಥ ಊರಿಗೆ ಯಾರೂ ಹೋಗುವುದಿಲ್ಲವೆಂದಿಟ್ಟುಕೋ, ಎಂದು ಒಂದು ಮನೆಯನ್ನು ಬೆರಳಿನಿಂದ ತೋರಿಸಿದಳು. ಎಲ್ಲ ಮನೆಗಳೂ ಕೆಂಪಾದವು; ಅದೊಂದು ಮಾತ್ರ ಬರಿನೆಲ.

ಆತ ಆ ಬರಿನೆಲವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಡಬ್ಬಿಯಿಂದ ಒಂದು ಬೀಜವನ್ನು ಎತ್ತಿ ಅಲ್ಲಿಟ್ಟು, ನನಗೂ ತಿಳಿಯಲೆಂದೋ ಏನೋ ಕನ್ನಡದಲ್ಲಿಯೇ ಕೇಳಿದರು:

“ಜಬರದಸ್ತಿ ಇಲ್ಲೊಂದು ಇಟ್ರ, ಆ ಹುಳಕ್ಕ ಏನ ಆಗತೈತಿ?”

ಮಗಳು ತಟ್ಟನೆ ಉತ್ತರ ಕೊಡಲಿಲ್ಲ. ವೈರಸ್ಸಿನ ಬರಹದ ಅರ್ಥವನ್ನು ಕೆಡಿಸದೆ ಸಿ-ಜಿ 
ಜೋಡಿಗಳನ್ನು ಮಾತ್ರ ಬೇಕೆಂದೇ ಹೆಚ್ಚಿಸಿ ಬರೆದರೆ ಅದು ಸೊರಗುತ್ತದೆಂದು ಕೆಲವು ವೈರಸ್ಸುಗಳ ಮೇಲೆ ಪ್ರಯೋಗಗಳು ನಡೆದಿವೆಯೆಂದೂ, ಸೊರಗಿದ ವೈರಸ್ಸಿನಿಂದ ಲಸಿಕೆ ಮಾಡಬಹುದೆ ಎಂದು ನೋಡುತ್ತಿದ್ದಾರೆಂದೂ ಆಮೇಲೆ ನಿಲ್ದಾಣದ ದಾರಿಯಲ್ಲಿ ನನಗೆ ಹೇಳಿದಳು. ಆಗ ಮಾತ್ರ ನೆಲದ ಮೇಲಿದ್ದ ಆ ಒಂದು ಬೀಜವನ್ನೇ ನೋಡುತ್ತ ಕುಳಿತಿದ್ದಳು. ತಂದೆ ಕಂಬಳಿಯನ್ನು ಸರಿಪಡಿಸಿಕೊಂಡು, “ಚಹಾ ಮಾಡ ಹೋಗವಾ, ಸರ್‌ಗೆ ಗಾಡಿ ಹೊತ್ತಾತು” ಎಂದರು.